ನಮ್ಮನ್ನು ಎಬ್ಬಿಸಿ ನಿಲ್ಲಿಸುವ ನಾಲ್ವರು

ಮಕ್ಕಳೇ, ಖೊಖೊ ಆಟ ನಿಮಗೆಲ್ಲ ಗೊತ್ತು. ಬೆನ್ನ ಹಿಂದೆ ‘ಖೋ’ ಎಂದು ಕೂಗು ಬಿದ್ದೊಡನೆ ಸಾಲಿನಲ್ಲಿ ಕುಳಿತವರು ಚಂಗನೆ ಎದ್ದು ಓಡಬೇಕು. ಮಡಿಸಿದ್ದ ಮಂಡಿ ಕ್ಷಣದಲ್ಲಿ ನೇರವಾಗುತ್ತದೆ, ಮೈಭಾರವೆಲ್ಲ ಮೇಲಕ್ಕೇಳುತ್ತದೆ. ಇಷ್ಟೊಂದು ಬಲ ಎಲ್ಲಿಂದ ಬರುತ್ತದೆ?

ಉತ್ತರವನ್ನು ನೀವೇ ಮುಟ್ಟಿ ನೋಡಬಹುದು. ಬೆಂಚಿನ ಮೇಲೆ ಕಾಲು ಇಳಿಬಿಟ್ಟು ಕುಳಿತುಕೊಳ್ಳಿ. ಬಲ ತೊಡೆಯ ಮೇಲೆ ಅಂಗೈ ಇಡಿ. ಮೆತ್ತಗಿದೆ, ಅಲ್ಲವೇ? ಈಗ ಬಲಗಾಲನ್ನು ನಿಧಾನವಾಗಿ ಮುಂದಕ್ಕೆ ಚಾಚಿ ನೇರವಾಗಿ ಹಿಡಿಯಿರಿ. ಅಂಗೈ ಕೆಳಗಿನ ತೊಡೆ ಗಟ್ಟಿಯಾಯಿತು. ಅಲ್ಲಿರುವ ಸ್ನಾಯುಗಳು ಸಂಕುಚಿಸಿ, ಕೆಳಗಾಲನ್ನು ಎಳೆದು ನೇರ ಮಾಡಿದವು.

ನಾಲ್ಕು ತಲೆ, ಒಂದು ಹಗ್ಗ

ತೊಡೆಯ ಮುಂಭಾಗದ ಈ ಸ್ನಾಯು ಗುಂಪಿಗೆ ಕ್ವಾಡ್ರಿಸೆಪ್ಸ್ ಎಂದು ಹೆಸರು. ಲ್ಯಾಟಿನ್ ಭಾಷೆಯಲ್ಲಿ ‘ನಾಲ್ಕು ತಲೆಯುಳ್ಳದ್ದು’ ಎಂದರ್ಥ. ತೊಡೆಯ ಹೊರ ಮಗ್ಗುಲಿನಲ್ಲಿರುವುದು ವಾಸ್ಟಸ್ ಲ್ಯಾಟರಾಲಿಸ್. ಒಳ ಮಗ್ಗುಲಿನಲ್ಲಿರುವುದು ವಾಸ್ಟಸ್ ಮೀಡಿಯಾಲಿಸ್. ನಡುವೆ ಆಳದಲ್ಲಿ ಮೂಳೆಗೆ ಅಂಟಿಕೊಂಡಿರುವುದು ವಾಸ್ಟಸ್ ಇಂಟರ್‌ಮೀಡಿಯಸ್. ಈ ಮೂರೂ ತೊಡೆಮೂಳೆಯಿಂದಲೇ ಹೊರಡುತ್ತವೆ.

ನಾಲ್ಕನೆಯದು ರೆಕ್ಟಸ್ ಫೆಮೊರಿಸ್. ಇದು ಮಾತ್ರ ಸೊಂಟದ ಮೂಳೆಯಿಂದ ಹೊರಟು, ಉಳಿದವುಗಳ ಮೇಲೆ ನಡುವಿನಲ್ಲಿ ಹಾದು ಬರುತ್ತದೆ. ಆದ್ದರಿಂದ ಇದಕ್ಕೆ ಎರಡು ಕೆಲಸ. ಮಂಡಿಯನ್ನು ನೇರ ಮಾಡುವುದರ ಜೊತೆಗೆ, ಮೆಟ್ಟಿಲು ಹತ್ತುವಾಗ ತೊಡೆಯನ್ನು ಮೇಲಕ್ಕೆತ್ತಲೂ ಇದು ನೆರವಾಗುತ್ತದೆ. ಚೆಂಡನ್ನು ಒದೆಯುವಾಗ ಎರಡೂ ಕೆಲಸ ಒಟ್ಟಿಗೆ ನಡೆಯುತ್ತವೆ.

ನಾಲ್ಕೂ ಸ್ನಾಯುಗಳು ಮಂಡಿಯ ಮೇಲೆ ಒಂದೇ ಗಟ್ಟಿ ಹಗ್ಗದಂತೆ ಸೇರುತ್ತವೆ. ಇದೇ ಸ್ನಾಯುರಜ್ಜು. ಅದು ಮಂಡಿಚಿಪ್ಪನ್ನು ಹಿಡಿದು, ಅಲ್ಲಿಂದ ಕೆಳಗೆ ಕೆಳಗಾಲಿನ ದಪ್ಪ ಮೂಳೆಗೆ ಬಿಗಿಯಾಗಿ ಅಂಟಿಕೊಂಡಿದೆ.

ಮಂಡಿಚಿಪ್ಪು ಏಕೆ ಬೇಕು?

ತರಗತಿಯ ಬಾಗಿಲನ್ನು ಕೀಲಿನ ಹತ್ತಿರ ಬೆರಳಿಟ್ಟು ತಳ್ಳಿ ನೋಡಿ, ಕಷ್ಟ. ಅಂಚಿನಲ್ಲಿ ತಳ್ಳಿ, ಸುಲಭ. ಕೀಲಿನಿಂದ ದೂರ ಹೋದಷ್ಟೂ ಕಡಿಮೆ ಬಲ ಸಾಕು. ಮಂಡಿಚಿಪ್ಪು ಮಾಡುವ ಉಪಕಾರವೂ ಇದೇ. ಅದು ಸ್ನಾಯುರಜ್ಜುವನ್ನು ಮಂಡಿಯ ಕೀಲಿನಿಂದ ಸ್ವಲ್ಪ ಮುಂದಕ್ಕೆ ದೂಡಿ ಹಿಡಿಯುತ್ತದೆ. ಹಾಗಾಗಿ ಅದೇ ಸ್ನಾಯು ಹೆಚ್ಚು ಪರಿಣಾಮಕಾರಿಯಾಗಿ ಎಳೆಯಬಲ್ಲದು.

ಇಳಿಯುವಾಗಲೂ ಬಿಡುವಿಲ್ಲ

ಸ್ನಾಯು ಎಳೆಯಬಲ್ಲದು, ತಳ್ಳಲಾರದು. ಆದ್ದರಿಂದ ಕಾಲನ್ನು ಮಡಿಸಲು ತೊಡೆಯ ಹಿಂಭಾಗದಲ್ಲಿ ಬೇರೆ ಸ್ನಾಯುಗಳಿವೆ. ಮುಂದಿನವು ಎಳೆಯುವಾಗ ಹಿಂದಿನವು ಸಡಿಲಗೊಳ್ಳುತ್ತವೆ. ಹಿಂದಿನವು ಎಳೆಯುವಾಗ ಮುಂದಿನವು ಸಡಿಲಗೊಳ್ಳುತ್ತವೆ.

ಬೆಟ್ಟ ಹತ್ತುವಾಗ ತೊಡೆ ದುಡಿಯುತ್ತದೆ, ಸರಿ. ಇಳಿಯುವಾಗ? ಆಗಲೂ ದುಡಿಯುತ್ತದೆ! ಮುಂದಿನ ಸ್ನಾಯುಗಳು ಬಿಗಿ ಬಿಡದೆ ನಿಧಾನವಾಗಿ ಉದ್ದವಾಗುತ್ತಾ, ಬಾವಿಗೆ ಕೊಡವನ್ನು ಹಗ್ಗದಲ್ಲಿ ಇಳಿಸುವಂತೆ ಮೈಭಾರವನ್ನು ಮೆಲ್ಲನೆ ಇಳಿಸುತ್ತವೆ. ಇಲ್ಲದಿದ್ದರೆ ಮಂಡಿ ಮಡಿಚಿ ಬಿದ್ದುಬಿಡುತ್ತೇವೆ. ಹೀಗೆ ಎಳೆತ ತಡೆಯುತ್ತಾ ಉದ್ದವಾಗುವಾಗ ಸ್ನಾಯುವಿನ ಎಳೆಗಳಿಗೆ ಸಣ್ಣಪುಟ್ಟ ಪೆಟ್ಟಾಗುತ್ತದೆ. ಬೆಟ್ಟ ಇಳಿದು ಬಂದ ಮರುದಿನ ತೊಡೆ ನೋಯುವುದು ಮುಖ್ಯವಾಗಿ ಇದಕ್ಕೇ.

ಮಿದುಳನ್ನು ಕೇಳದೆ ಒದೆಯುವ ಕಾಲು

ವೈದ್ಯರು ಪುಟ್ಟ ರಬ್ಬರ್ ಸುತ್ತಿಗೆಯಿಂದ ಮಂಡಿಚಿಪ್ಪಿನ ಕೆಳಗೆ ಮೆಲ್ಲನೆ ತಟ್ಟುವುದನ್ನು ನೋಡಿದ್ದೀರಾ? ಕಾಲು ತಾನಾಗಿಯೇ ಮುಂದಕ್ಕೆ ಚಿಮ್ಮುತ್ತದೆ. ತಟ್ಟಿದಾಗ ಸ್ನಾಯು ತುಸು ಹಿಗ್ಗುತ್ತದೆ. ಆ ಸುದ್ದಿ ನರದ ಮೂಲಕ ಬೆನ್ನೆಲುಬಿನೊಳಗಿನ ಮಿದುಳುಬಳ್ಳಿಗೆ ಹೋಗುತ್ತದೆ. ಮಿದುಳಿನ ಅಪ್ಪಣೆಗೆ ಕಾಯದೆ ಅಲ್ಲಿಂದಲೇ ‘ಸಂಕುಚಿಸು’ ಎಂಬ ಸಂದೇಶ ಮರಳುತ್ತದೆ. ಇದನ್ನು ಪರಾವರ್ತಿತ ಪ್ರತಿಕ್ರಿಯೆ ಎನ್ನುತ್ತಾರೆ. 1875ರಲ್ಲಿ ಜರ್ಮನಿಯ ವೈದ್ಯರಾದ ವಿಲ್ಹೆಲ್ಮ್ ಎರ್ಬ್ ಮತ್ತು ಕಾರ್ಲ್ ವೆಸ್ಟ್‌ಫಾಲ್ ಇದನ್ನು ಬೇರೆ ಬೇರೆಯಾಗಿ ವರ್ಣಿಸಿದರು. ಕಾಲು ಚಿಮ್ಮುವ ರೀತಿ ನೋಡಿ ನರಗಳು ಸರಿಯಾಗಿವೆಯೇ ಎಂದು ವೈದ್ಯರು ಇಂದಿಗೂ ಪರೀಕ್ಷಿಸುತ್ತಾರೆ.

ಬಳಸಿದರೆ ಬೆಳೆಯುತ್ತದೆ

ಕಾಲಿನ ಮೂಳೆ ಮುರಿದು ಕೆಲವು ವಾರ ಪ್ಲಾಸ್ಟರ್ ಹಾಕಿಸಿಕೊಂಡವರ ತೊಡೆಯನ್ನು ಗಮನಿಸಿ. ಪ್ಲಾಸ್ಟರ್ ಬಿಚ್ಚಿದಾಗ ಅದು ಇನ್ನೊಂದಕ್ಕಿಂತ ಸಣ್ಣಗಿರುತ್ತದೆ. ಕೆಲಸವಿಲ್ಲದ ಸ್ನಾಯು ಸೊರಗುತ್ತದೆ. ವಯಸ್ಸಾದಂತೆಯೂ ಸ್ನಾಯು ಕ್ಷೀಣಿಸುತ್ತದೆ. ಅಜ್ಜಿ ನೆಲದಿಂದ ಏಳುವಾಗ ಕೈಯೂರುವುದು, ಗೋಡೆ ಹಿಡಿಯುವುದು ಇದರಿಂದಲೂ ಇರಬಹುದು. ಮಂಡಿನೋವು ಇರುವವರಿಗೆ ತೊಡೆಯನ್ನು ಬಲಪಡಿಸುವ ವ್ಯಾಯಾಮಗಳನ್ನು ವೈದ್ಯರು ಹೇಳಿಕೊಡುತ್ತಾರೆ. ನಡಿಗೆ, ಓಟ, ಸೈಕಲ್, ಬಸ್ಕಿ ಎಲ್ಲವೂ ಈ ನಾಲ್ವರಿಗೆ ಒಳ್ಳೆಯ ಕೆಲಸ.

ಆದರೆ ನೆನಪಿರಲಿ: ಬಸ್ಕಿ ವ್ಯಾಯಾಮ, ಶಿಕ್ಷೆಯಲ್ಲ. ಅಭ್ಯಾಸವಿಲ್ಲದವರು ಒಮ್ಮೆಲೇ ನೂರಾರು ಬಸ್ಕಿ ಹೊಡೆದರೆ ಸ್ನಾಯುವಿನ ಜೀವಕೋಶಗಳು ಒಡೆದು, ಅವುಗಳಿಂದ ಹೊರಬಂದ ವಸ್ತುಗಳು ರಕ್ತಕ್ಕೆ ಸೇರಿ ಮೂತ್ರಪಿಂಡಗಳಿಗೆ ಹಾನಿಯಾಗಬಹುದು. ಹಾಗಾದಾಗ ತೊಡೆ ಊದಿ ಬಹಳ ನೋಯುತ್ತದೆ, ಮೂತ್ರ ಕಂದು ಬಣ್ಣಕ್ಕೆ ತಿರುಗಬಹುದು. ಕೂಡಲೇ ಮನೆಯವರಿಗೆ ಹೇಳಿ ಆಸ್ಪತ್ರೆಗೆ ಹೋಗಬೇಕು. ಶಾಲೆಯಲ್ಲಿ ದೈಹಿಕ ಶಿಕ್ಷೆ ಕೊಡುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯೂ ನಿಷೇಧಿಸಿದೆ.

ಮಾಡಿ ನೋಡಿ

ಗೆಳೆಯ ಅಥವಾ ಗೆಳತಿಯನ್ನು ಎತ್ತರದ ಬೆಂಚಿನ ಮೇಲೆ ಪಾದ ನೆಲಕ್ಕೆ ತಾಗದಂತೆ ಕೂರಿಸಿ. ಕಾಲು ಪೂರ್ತಿ ಸಡಿಲವಾಗಿರಲಿ. ಮಂಡಿಚಿಪ್ಪಿನ ಸ್ವಲ್ಪ ಕೆಳಗಿನ ಮೆತ್ತನೆಯ ತಗ್ಗಿಗೆ ಅಂಗೈಯ ಅಂಚಿನಿಂದ ಮೆಲ್ಲನೆ ತಟ್ಟಿ. ಜೋರಾಗಿ ಹೊಡೆಯಬೇಡಿ. ಕಾಲು ಚಿಮ್ಮಿತೇ? ಮೊದಲ ಸಲ ಆಗದಿದ್ದರೆ ಮಾತಾಡಿಸುತ್ತಾ, ಗಮನ ಬೇರೆಡೆ ಇರುವಾಗ ಮತ್ತೆ ತಟ್ಟಿ.

ಯೋಚಿಸಿ ಉತ್ತರಿಸಿ

1. ನಾಲ್ಕು ಸ್ನಾಯುಗಳಲ್ಲಿ ತೊಡೆಯನ್ನು ಮೇಲಕ್ಕೆತ್ತಲೂ ನೆರವಾಗುವುದು ಯಾವುದು? ಏಕೆ?
2. ನಿಂತಿರುವಾಗ ಮಂಡಿ ತಟ್ಟನೆ ಮಡಿಚಿದರೆ ಪರಾವರ್ತಿತ ಪ್ರತಿಕ್ರಿಯೆ ನಮ್ಮನ್ನು ಹೇಗೆ ಕಾಪಾಡುತ್ತದೆ?
3. ಇಂದು ಬೆಳಗ್ಗೆ ಎದ್ದಾಗಿನಿಂದ ಈ ಸ್ನಾಯುಗಳನ್ನು ಯಾವ ಯಾವ ಕೆಲಸಕ್ಕೆ ಬಳಸಿದಿರಿ? ಪಟ್ಟಿ ಮಾಡಿ.