ಕಡಲಿಗಿಳಿಯುವ ಮುನ್ನ ಪಂಚಾಂಗ ನೋಡಿ

ಚನ್ನಗಿರಿಯ ಶಾಂತಿಸಾಗರದಲ್ಲಿ ಈಜು ಕಲಿತವರಿಗೆ ನಿಂತ ನೀರಿನ ಅಭ್ಯಾಸ. ಹೊನ್ನಾಳಿಯ ತುಂಗಭದ್ರೆಯಲ್ಲಿ ಕಲಿತವರಿಗೆ ಸೆಳೆತ ಗೊತ್ತು, ಆದರೆ ಅದು ಸದಾ ಒಂದೇ ದಿಕ್ಕಿನದು. ಕಡಲು ಹಾಗಲ್ಲ. ನಮ್ಮ ಕರಾವಳಿಯಲ್ಲಿ ದಿನಕ್ಕೆರಡು ಉಬ್ಬರ, ಎರಡು ಇಳಿತ. ಸುಮಾರು ಆರು ಗಂಟೆಗೊಮ್ಮೆ ನೀರು ಮನಸ್ಸು ಬದಲಿಸುತ್ತದೆ.

ಮುರುಡೇಶ್ವರದಿಂದ ನೇತ್ರಾಣಿಗೆ ಸ್ಕೂಬಾಕ್ಕೆ ಹೋಗುವವರ ಜೊತೆ ದೋಣಿಯಿರುತ್ತದೆ. ದಡದಿಂದಲೇ ನೀರಿಗಿಳಿಯುವ ಹೊಸಬರಿಗೆ ಆ ಆಸರೆಯಿಲ್ಲ.

ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಸೆಳೆತ ಜೋರು. ಅಷ್ಟಮಿಯ ಹೊತ್ತಿಗೆ ಸೌಮ್ಯ. ಉಬ್ಬರದ ವೇಳೆ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುವುದರಿಂದ ನಿನ್ನೆಯ ಲೆಕ್ಕ ಇಂದಿಗೆ ಬಾರದು. ಹತ್ತಿರದ ಬಂದರಿನ ಅಂದಿನ ಉಬ್ಬರವಿಳಿತದ ಪಟ್ಟಿ ನೋಡಲೇಬೇಕು. ನೀರು ತಿರುಗುವಾಗ ತುಸು ಹೊತ್ತು ಸೆಳೆತ ತಗ್ಗುತ್ತದೆ. ಹೊಸಬರಿಗೆ ಅದೇ ಸರಿಯಾದ ಸಮಯ. ಆದರೆ ಸೆಳೆತ ತಗ್ಗುವ ಗಳಿಗೆ ಎಲ್ಲೆಡೆ ಪಟ್ಟಿಗೆ ಸರಿಹೊಂದುವುದಿಲ್ಲ. ಅಲ್ಲಿನ ಮೀನುಗಾರರನ್ನು ಕೇಳಿದರೆ ನಿಖರವಾಗಿ ಹೇಳುತ್ತಾರೆ.

ಹೋಗುವಾಗ ಸೆಳೆತಕ್ಕೆ ಎದುರಾಗಿ ಈಜಿ, ಬರುವಾಗ ಅದೇ ದಡದತ್ತ ನೆರವಾಗುತ್ತದೆ. ಸಿಲಿಂಡರಿನಲ್ಲಿ 200 ಬಾರ್ ಗಾಳಿಯಿದ್ದರೆ 135ರ ಸುಮಾರಿಗೇ ಹಿಂತಿರುಗಿ.

ಅಳಿವೆಯ ಬಳಿ ಮಾತ್ರ ಇಳಿತದ ವೇಳೆ ನೀರಿಗಿಳಿಯಲೇಬೇಡಿ. ಹೊಳೆಯ ಹರಿವೂ ಇಳಿತವೂ ಸೇರಿ ನಡುಗಡಲಿನತ್ತ ಎಳೆಯುತ್ತವೆ.