ಖಾಲಿ ಜಾಗ ಎಲ್ಲಿದೆ? ಪದವಿ ತರಗತಿಗೆ ಇಂಗ್ಲಿಷ್ ಆರ್ಟಿಕಲ್‌ಗಳ ಪಾಠ

ಅಭ್ಯಾಸ ಬೋಧನೆಯ ಅವಧಿಯಲ್ಲಿ ನಮ್ಮ ಪ್ರಶಿಕ್ಷಣಾರ್ಥಿಗಳು ಸಮೀಪದ ಪದವಿ ಕಾಲೇಜೊಂದರ ಬಿ.ಎ. ಮೊದಲ ವರ್ಷದವರಿಗೆ ಇಂಗ್ಲಿಷ್ ವ್ಯಾಕರಣದ ಮೂಲ ಪಾಠಗಳನ್ನು ಮಾಡಿದರು. ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. ಆರ್ಟಿಕಲ್‌ಗಳ ಪಾಠದ ದಿನ ನಾನು ವೀಕ್ಷಕನಾಗಿ ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ.

ಪಾಠ ಯೋಜನೆಯಂತೆಯೇ ನಡೆಯಿತು. ಪ್ರಶಿಕ್ಷಣಾರ್ಥಿ ಕಪ್ಪುಹಲಗೆಯ ಮೇಲೆ 'ಎ', 'ಆನ್', 'ದಿ' ಎಂದು ಬರೆದು ವ್ಯಾಖ್ಯೆ ಹೇಳಿದರು, ನಿಯಮ ಕೊಟ್ಟರು, ಉದಾಹರಣೆ ಕೊಟ್ಟರು. ಕೊನೆಗೆ ಬಿಟ್ಟ ಸ್ಥಳ ತುಂಬಲು ಹತ್ತು ವಾಕ್ಯಗಳು. ಹೆಚ್ಚಿನವರು ಸರಿಯಾಗಿ ತುಂಬಿದರು. ಇನ್ನೂ ಸ್ವಲ್ಪ ಸಮಯ ಉಳಿದಿತ್ತು. ನಿನ್ನೆ ಮಾಡಿದ ಒಂದು ಕೆಲಸದ ಬಗ್ಗೆ ಮೂರು ವಾಕ್ಯ ಬರೆಯಲು ಹೇಳಿದರು. ಒಬ್ಬ ವಿದ್ಯಾರ್ಥಿನಿ ಬರೆದದ್ದು ಹೀಗಿತ್ತು: 'ಐ ವೆಂಟ್ ಟು ಬ್ಯಾಂಕ್. ಕ್ಲರ್ಕ್ ಗೇವ್ ಮಿ ಫಾರ್ಮ್. ಐ ಫಿಲ್ಡ್ ಫಾರ್ಮ್.' ಒಂದೇ ಒಂದು ಆರ್ಟಿಕಲ್ ಇಲ್ಲ. ಈಗ ತಾನೇ ಕಲಿತೆಯಲ್ಲ ಎಂದು ಕೇಳಿದ್ದಕ್ಕೆ ಅವಳು ಹೇಳಿದಳು: "ಮೇಡಂ, ಗೆರೆ ಎಳೆದು ಜಾಗ ಬಿಟ್ಟಿದ್ದರೆ ತುಂಬುತ್ತೇನೆ. ನಾನೇ ಬರೆಯುವಾಗ ಖಾಲಿ ಜಾಗ ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ."

ಇಂಥ ಎಷ್ಟೋ ಪಾಠಗಳಿಗೆ ನಾನು ಒಳ್ಳೆಯ ಅಂಕ ಕೊಟ್ಟಿದ್ದೇನೆ. ಆ ದಿನ ವೀಕ್ಷಣಾ ಪುಸ್ತಕದಲ್ಲಿ ಏನೂ ಬರೆಯಲಾಗಲಿಲ್ಲ. ನಾವಿಬ್ಬರೂ ಕುಳಿತು ಪಾಠವನ್ನು ಮತ್ತೆ ಕಟ್ಟಿದೆವು. ಮರುವಾರ ಅದೇ ತರಗತಿಯಲ್ಲಿ ಅದನ್ನು ಮಾಡಲಾಯಿತು. ಅದರ ಹಂತಗಳನ್ನು ಇಲ್ಲಿ ಕೊಡುತ್ತೇನೆ.

ಪೂರ್ವಜ್ಞಾನ

'ಕನ್ನಡದಲ್ಲಿ ಆರ್ಟಿಕಲ್ ಇಲ್ಲ, ಆದ್ದರಿಂದ ನಮ್ಮ ಮಕ್ಕಳಿಗೆ ಅದು ಕಷ್ಟ' ಎಂದು ಪಾಠಯೋಜನೆಗಳಲ್ಲಿ ಬರೆಯುವುದುಂಟು. ಮಾತಿನ ಮೊದಲ ಭಾಗ ನಿಜ. ಆದರೆ ಆರ್ಟಿಕಲ್ ಮಾಡುವ ಕೆಲಸ ಕನ್ನಡದಲ್ಲಿಯೂ ಇದೆ. 'ಕೇಳುವವರಿಗೆ ಯಾವುದೆಂದು ಗೊತ್ತು' ಮತ್ತು 'ಗೊತ್ತಿಲ್ಲ' ಎಂಬ ಭೇದವನ್ನು ನಾವು ದಿನವೂ ಮಾಡುತ್ತೇವೆ. ಈ ಭೇದವೇ ವಿದ್ಯಾರ್ಥಿಗಳ ಪೂರ್ವಜ್ಞಾನ.

ಮೊದಲ ಹಂತ: ಎರಡು ಕನ್ನಡ ವಾಕ್ಯಗಳು

ಹಲಗೆಯ ಮೇಲೆ ಎರಡು ವಾಕ್ಯ ಬರೆಯಲಾಯಿತು: 'ಮೇಜಿನ ಮೇಲೆ ಪುಸ್ತಕ ಇದೆ.' 'ಪುಸ್ತಕ ಮೇಜಿನ ಮೇಲಿದೆ.' ಎರಡರಲ್ಲಿಯೂ ಪದಗಳು ಹೆಚ್ಚುಕಡಿಮೆ ಅವೇ. 'ಪುಸ್ತಕ ಎಲ್ಲಿ?' ಎಂದು ಕೇಳಿದವನಿಗೆ ಯಾವ ಉತ್ತರ ಕೊಡುತ್ತೀರಿ ಎಂಬ ಪ್ರಶ್ನೆಗೆ ತರಗತಿ ಒಂದೇ ದನಿಯಲ್ಲಿ ಎರಡನೆಯದನ್ನು ತೋರಿಸಿತು. 'ಮೇಜಿನ ಮೇಲೆ ಏನಿದೆ?' ಎಂದರೆ ಮೊದಲನೆಯದು. ಅಂದರೆ ಕನ್ನಡ ಪದಗಳ ಕ್ರಮದಿಂದಲೇ ಈ ಭೇದವನ್ನು ತೋರಿಸುತ್ತದೆ. ಅನಂತರ ಇಂಗ್ಲಿಷ್ ವಾಕ್ಯಗಳನ್ನು ಪಕ್ಕದಲ್ಲಿ ಬರೆಯಲಾಯಿತು: 'ದೇರ್ ಈಸ್ ಎ ಬುಕ್ ಆನ್ ದಿ ಟೇಬಲ್.' 'ದಿ ಬುಕ್ ಈಸ್ ಆನ್ ದಿ ಟೇಬಲ್.' ನಿಯಮವನ್ನು ವಿದ್ಯಾರ್ಥಿಗಳೇ ಹೇಳಿದರು. ಅನುಗಮನ ವಿಧಾನ ಇಲ್ಲಿ ತಾನಾಗಿಯೇ ಒದಗಿತು.

ಎರಡನೆಯ ಹಂತ: ಅಜ್ಜಿಯ ಕಥೆ

'ಒಂದೂರಲ್ಲಿ ಒಬ್ಬ ರಾಜ ಇದ್ದ. ಆ ರಾಜನಿಗೆ ಮೂವರು ಮಕ್ಕಳು.' ಮೊದಲ ಸಲ 'ಒಬ್ಬ', ಎರಡನೆಯ ಸಲ 'ಆ'. ಕಥೆ ಹೇಳುವ ಯಾರೂ ಇದನ್ನು ತಪ್ಪುವುದಿಲ್ಲ. ಇಂಗ್ಲಿಷಿನ 'ಎ', 'ಆನ್' ಹುಟ್ಟಿದ್ದು ಹಳೆಯ ಇಂಗ್ಲಿಷಿನ 'ಒಂದು' ಎಂಬರ್ಥದ ಪದದಿಂದ. 'ದಿ' ಹುಟ್ಟಿದ್ದು 'ಅದು, ಆ' ಎಂದು ತೋರಿಸುವ ಪದದಿಂದ. ಆದ್ದರಿಂದ ಈ ಹೋಲಿಕೆಗೆ ಆಧಾರವಿದೆ.

ಆದರೆ ಹೋಲಿಕೆಯ ಮಿತಿಯನ್ನು ಅಲ್ಲೇ ಹೇಳಬೇಕು. 'ಬಾಗಿಲು ಹಾಕು' ಎನ್ನುವಾಗ ಕನ್ನಡದಲ್ಲಿ ಏನೂ ಸೇರಿಸುವುದಿಲ್ಲ. ಇಂಗ್ಲಿಷಿನಲ್ಲಿ 'ಶಟ್ ದಿ ಡೋರ್' ಎನ್ನಲೇಬೇಕು. 'ಆ ಬಾಗಿಲು ಹಾಕು' ಎಂದರೆ ಅರ್ಥವೇ ಬೇರೆ. ಹಾಗೆಯೇ 'ಅವರು ಮೇಷ್ಟ್ರು' ಎನ್ನುತ್ತೇವೆ, 'ಒಬ್ಬ' ಸೇರಿಸುವುದಿಲ್ಲ. ಇಂಗ್ಲಿಷಿನಲ್ಲಿ 'ಹಿ ಈಸ್ ಎ ಟೀಚರ್'. ಪದಕ್ಕೆ ಪದ ಇಟ್ಟು ಅನುವಾದಿಸಿದರೆ ಆರ್ಟಿಕಲ್ ಬಿಟ್ಟುಹೋಗುವುದು ಇಂಥ ಕಡೆಗಳಲ್ಲಿಯೇ.

ಮೂರನೆಯ ಹಂತ: ಖಾಲಿ ಜಾಗ ಹುಡುಕುವುದು

ಆ ವಿದ್ಯಾರ್ಥಿನಿಯ ಪ್ರಶ್ನೆಗೆ ಇದು ಉತ್ತರ. ಬರೆದ ಮೇಲೆ ಪ್ರತಿಯೊಂದು ನಾಮಪದದ ಕೆಳಗೆ ಗೆರೆ ಎಳೆಯಬೇಕು. ಖಾಲಿ ಜಾಗ ಇರುವುದು ಆ ನಾಮಪದಕ್ಕೆ ಮೊದಲು. ವಿಶೇಷಣವಿದ್ದರೆ ಅದಕ್ಕೂ ಮೊದಲು. ಅಲ್ಲಿ ಈಗಾಗಲೇ 'ಮೈ', 'ದಿಸ್' ಮುಂತಾದವು ಕುಳಿತಿದ್ದರೆ ಜಾಗ ತುಂಬಿದೆ ಎಂದರ್ಥ. ಇಲ್ಲದಿದ್ದರೆ ಎರಡು ಪ್ರಶ್ನೆ ಕೇಳಿಕೊಳ್ಳಬೇಕು.

ಯಾವುದು ಅಥವಾ ಯಾರು ಎಂದು ಓದುವವರಿಗೆ ಗೊತ್ತಾಗುತ್ತದೆಯೇ? ಹೌದಾದರೆ 'ದಿ'.

ಇಲ್ಲವಾದರೆ, ಅದು ಎಣಿಸಬಹುದಾದ ಒಂದೇ ಒಂದು ವಸ್ತುವೇ ಅಥವಾ ವ್ಯಕ್ತಿಯೇ? ಹೌದಾದರೆ 'ಎ' ಅಥವಾ 'ಆನ್'. ಅಲ್ಲವಾದರೆ ಏನೂ ಬೇಡ: 'ಕೌಸ್ ಗಿವ್ ಮಿಲ್ಕ್.'

ಊರು, ವ್ಯಕ್ತಿ, ನದಿಗಳ ಹೆಸರುಗಳನ್ನು ಈ ಪಾಠದಲ್ಲಿ ತರಬಾರದು. 'ಮೈಸೂರು' ಎಂಬುದಕ್ಕೆ ಆರ್ಟಿಕಲ್ ಬೇಡ, 'ಕಾವೇರಿ' ನದಿಗೆ 'ದಿ' ಬೇಕು ಎಂಬಂಥ ವಿಷಯಗಳಿಗೆ ಬೇರೆ ಪಾಠವೇ ಬೇಕು.

ನಾಲ್ಕನೆಯ ಹಂತ: 'ಎ'ಯೋ 'ಆನ್'ಓ?

'ಎ, ಇ, ಐ, ಓ, ಯು ಅಕ್ಷರಗಳ ಮುಂದೆ ಆನ್' ಎಂಬ ನಿಯಮ 'ಯೂನಿವರ್ಸಿಟಿ' ಬಂದ ಕೂಡಲೇ ಮುರಿದುಬೀಳುತ್ತದೆ. ಇಲ್ಲಿ ನಮ್ಮ ಲಿಪಿಯೇ ಬೋಧನೋಪಕರಣ. ಆರ್ಟಿಕಲ್‌ನ ನಂತರ ಬರುವ ಪದವನ್ನು ಕನ್ನಡ ಲಿಪಿಯಲ್ಲಿ ಬರೆಯಿಸಿ. ಮೊದಲ ಅಕ್ಷರ ಸ್ವರವಾದರೆ 'ಆನ್', ವ್ಯಂಜನವಾದರೆ 'ಎ'. 'ಯೂನಿವರ್ಸಿಟಿ' ಯಕಾರದಿಂದ ಶುರು, ಆದ್ದರಿಂದ 'ಎ'. 'ಅವರ್', 'ಎಮ್.ಎ.' ಸ್ವರದಿಂದ ಶುರು, ಆದ್ದರಿಂದ 'ಆನ್'. 'ಎ ಬುಕ್', ಆದರೆ 'ಆನ್ ಓಲ್ಡ್ ಬುಕ್'. ಒಂದು ಎಚ್ಚರಿಕೆ: ನಮ್ಮಲ್ಲಿ 'ಎಲೆ'ಯನ್ನು 'ಯೆಲೆ' ಎನ್ನುವ ರೂಢಿಯಿದೆ. ಅದೇ ರೂಢಿಯಲ್ಲಿ 'ಎಗ್' ಎಂಬುದು 'ಯೆಗ್' ಆದರೆ 'ಆನ್' ಬರಬೇಕಾದಲ್ಲಿ 'ಎ' ಬರುತ್ತದೆ. ಆದ್ದರಿಂದ ಬರೆಯಿಸುವ ಮೊದಲು ಉಚ್ಚಾರಣೆ ತಿದ್ದಬೇಕು.

ಮೌಲ್ಯಮಾಪನ

ಈ ಸಲ ಬಿಟ್ಟ ಸ್ಥಳ ತುಂಬುವ ಅಭ್ಯಾಸ ಇರಲಿಲ್ಲ. ಹಿಂದಿನ ವಾರ ತಾವೇ ಬರೆದ ವಾಕ್ಯಗಳನ್ನು ವಿದ್ಯಾರ್ಥಿಗಳು ತಾವೇ ತಿದ್ದಬೇಕಿತ್ತು. ಆ ವಿದ್ಯಾರ್ಥಿನಿ ಹೀಗೆ ತಿದ್ದಿದಳು: 'ಐ ವೆಂಟ್ ಟು ದಿ ಬ್ಯಾಂಕ್. ಎ ಕ್ಲರ್ಕ್ ಗೇವ್ ಮಿ ಎ ಫಾರ್ಮ್. ಐ ಫಿಲ್ಡ್ ದಿ ಫಾರ್ಮ್.' ಪಕ್ಕದವಳು ಒಪ್ಪಲಿಲ್ಲ. "ಯಾವ ಬ್ಯಾಂಕು ಅಂತ ನನಗೆ ಗೊತ್ತಿಲ್ಲವಲ್ಲ, 'ಎ ಬ್ಯಾಂಕ್' ಆಗಬೇಕು" ಎಂದಳು. ಇವಳು ಬಿಡಲಿಲ್ಲ: "ನಮ್ಮೂರಲ್ಲಿ ಇರೋದೇ ಒಂದು ಬ್ಯಾಂಕು ಕಣೇ!"

ಪ್ರಶಿಕ್ಷಣಾರ್ಥಿ ನನ್ನ ಕಡೆ ನೋಡಿದರು. ಯೋಜನೆಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಒಂದು ಕ್ಷಣ ಯೋಚಿಸಿ ಅವರೇ ಹೇಳಿದರು: "ನಿಮ್ಮೂರಿನವರಿಗೆ ಬರೆದರೆ ನಿನ್ನದು ಸರಿ. ಊರು ಗೊತ್ತಿಲ್ಲದವರಿಗೆ ಬರೆದರೆ ಅವಳದು." ಇದಕ್ಕಿಂತ ಚೆನ್ನಾಗಿ ನಾನೂ ಹೇಳುತ್ತಿರಲಿಲ್ಲ. ಆರ್ಟಿಕಲ್ ಎಂದರೆ ಓದುವವರಿಗೆ ಏನು ಗೊತ್ತಿದೆ ಎಂದು ಬರೆಯುವವರು ಯೋಚಿಸುವುದು. ಅದನ್ನು ತರಗತಿ ಆಗಲೇ ಮಾಡುತ್ತಿತ್ತು.

ಪ್ರಶಿಕ್ಷಣಾರ್ಥಿಗಳಿಗೆ ಒಂದು ಮಾತು. ಬಿಟ್ಟ ಸ್ಥಳ ತುಂಬಿಸಬೇಡಿ ಎಂದು ನಾನು ಹೇಳುವುದಿಲ್ಲ. ನಿಯಮ ರೂಢಿಯಾಗಲು ಅದು ಬೇಕು. ಆದರೆ ಅದನ್ನೇ ಕೊನೆಯ ಮೌಲ್ಯಮಾಪನ ಮಾಡಬೇಡಿ. 40 ನಿಮಿಷದ ಅವಧಿಯಲ್ಲಿ ಕೊನೆಯ 10 ನಿಮಿಷವನ್ನು ವಿದ್ಯಾರ್ಥಿಗಳ ಸ್ವಂತ ಬರವಣಿಗೆಗೆ ಬಿಡಿ. ನೀವು ಕಲಿಸಿದ್ದು ಅವರಿಗೆ ತಲುಪಿದೆಯೇ ಎಂಬುದು ಅಲ್ಲಿ ಕಾಣುತ್ತದೆ. ವೀಕ್ಷಣೆಗೆ ಬಂದಾಗ ಈಗ ನಾನು ಮೊದಲು ನೋಡುವುದೂ ಆ 10 ನಿಮಿಷವನ್ನೇ.