ಗುಳಗಿ ನುಂಗುವ ಹುಡುಗಿಗೆ ಮದುವೆ ಬೇಡವೇ?

ಪ್ರಶ್ನೆ: ನನ್ನ ನಾದಿನಿಗೆ 23 ವರ್ಷ. ಹುಟ್ಟಿನಿಂದಲೇ ಎಚ್‌ಐವಿ ಐತಿ. ಅತ್ತಿ-ಮಾವ ಇಬ್ಬರೂ ಅದೇ ಜಡ್ಡಿನಾಗ ಹೋದರು. ಆಕಿನ್ನ ನಾನು, ನನ್ನ ಗಂಡ ಸಾಕೀವಿ. ಎರಡು ವರ್ಷದ ಹಿಂದ ಯಾರಿಗೂ ಹೇಳದ ಗುಳಗಿ ಬಿಟ್ಟಿದ್ದಳು. ಟಿಬಿ ಹತ್ತಿ, ಎದ್ದು ಕೂಡ್ರಾಕೂ ಆಗದಂಗ ಆಗಿ ದವಾಖಾನ್ಯಾಗ ಬಹಳ ದಿವಸ ಇದ್ದಳು. ಈಗ ಚಲೋ ಅದಾಳ, ಇಂಡಿಗೆ ಕೆಲಸಕ್ಕ ಹೋಗತಾಳ. ಅಲ್ಲಿ ಒಬ್ಬ ಹುಡುಗ ಆಕಿನ್ನ ಮದುವಿ ಆಗತೀನಿ ಅಂದಾನ. ಅವಗ ಏನೂ ಗೊತ್ತಿಲ್ಲ. ಈಕಿ ರಾತ್ರಿ ಅಳತಾಳ. 'ವೈನೀ, ನನಗಿನ್ನ ಎಷ್ಟು ವರ್ಷ ಐತಿ?' ಅಂತ ಕೇಳತಾಳ. ಆಕಿ ಮದುವಿ ಆಗಬಹುದೇನು? ಮಕ್ಕಳಾದರ ಅವಕ್ಕೂ ಬರತೈತೇನು? ಹುಡುಗನ ಮನಿಯವರಿಗೆ ನಾನೇ ಹೋಗಿ ಹೇಳಲೇನು? ಮನ್ಯಾಗ ಸಣ್ಣ ಹುಡುಗರು ಅದಾವ ಅಂತ ಆಕಿ ತಾಟು, ಚರಗಿ ಬ್ಯಾರೆ ಇಟ್ಟೀವಿ. ಅದು ಬರೋಬ್ಬರಿ ಅಲ್ಲೇನು?
— ಹೆಸರು ಬೇಡ, ಝಳಕಿ

ಉತ್ತರ: ನಿಮ್ಮ ಪತ್ರದಲ್ಲಿ ಐದು ಪ್ರಶ್ನೆಗಳಿವೆ. ನಾಲ್ಕಕ್ಕೆ ವೈದ್ಯಶಾಸ್ತ್ರದ ಉತ್ತರ ನೇರವಾಗಿದೆ. ನೀವು ಅಂಜಿದ್ದಕ್ಕಿಂತ ಬಹಳ ಚೆನ್ನಾಗಿಯೂ ಇದೆ. ಉಳಿದ ಒಂದಕ್ಕೆ, ಅಂದರೆ 'ನಾನೇ ಹೋಗಿ ಹೇಳಲೇನು' ಎಂಬುದಕ್ಕೆ, ನನ್ನ ಉತ್ತರ ನಿಮಗೆ ಹಿಡಿಸಲಿಕ್ಕಿಲ್ಲ.

ಮೊದಲು ನಿಮ್ಮ ನಾದಿನಿ ಕೇಳಿದ್ದು. 'ಎಷ್ಟು ವರ್ಷ ಐತಿ' ಎಂಬ ಲೆಕ್ಕವನ್ನು ಆಕೆ ಅಪ್ಪ-ಅವ್ವ ಹೋದ ವಯಸ್ಸಿನಿಂದ ಹಾಕುತ್ತಿದ್ದಾಳೆ ಎಂದು ಕಾಣುತ್ತದೆ. ಆ ಲೆಕ್ಕ ಈಗ ನಡೆಯುವುದಿಲ್ಲ. ನಮ್ಮ ದೇಶದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈನಲ್ಲಿ. ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ಅದನ್ನು ಕಂಡುಹಿಡಿದವರು. ಹಲವು ಔಷಧಿಗಳನ್ನು ಒಟ್ಟಿಗೆ ಕೊಟ್ಟರೆ ವೈರಸ್ಸನ್ನು ಕಟ್ಟಿಹಾಕಬಹುದು ಎಂಬುದು 1996ರ ಹೊತ್ತಿಗೆ ಜಗತ್ತಿಗೆ ಖಾತ್ರಿಯಾಯಿತು. ಆದರೆ ಆ ಔಷಧಿಗಳು ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಪುಕ್ಕಟೆ ಸಿಗತೊಡಗಿದ್ದು 2004ರ ಏಪ್ರಿಲ್ 1ರಿಂದ. ನಿಮ್ಮ ನಾದಿನಿ ಅಷ್ಟರಲ್ಲಿ ಹುಟ್ಟಿಯಾಗಿತ್ತು. ಆಗಲೂ ಎಲ್ಲರಿಗೂ ಅಲ್ಲ, ದೇಹ ಸಾಕಷ್ಟು ಸೋತವರಿಗೆ ಮಾತ್ರ. ಸೋಂಕು ಗೊತ್ತಾದ ಕೂಡಲೇ ಎಲ್ಲರಿಗೂ ಗುಳಗಿ ಎಂಬ ನಿಯಮ ಬಂದದ್ದು 2017ರಲ್ಲಿ. ಬೆಳಗಾವಿ, ಬಾಗಲಕೋಟೆ, ವಿಜಯಪುರಗಳು ರಾಜ್ಯದಲ್ಲೇ ಸೋಂಕು ಹೆಚ್ಚು ಕಂಡ ಜಿಲ್ಲೆಗಳ ಸಾಲಿನಲ್ಲಿದ್ದವು. ಆ ಕಾಲದಲ್ಲಿ ಇಲ್ಲಿ ಸತ್ತವರು ಗುಳಗಿ ಬರುವ ಮೊದಲೇ ಹೋದವರು, ಇಲ್ಲವೇ ಬಂದ ಗುಳಗಿ ಕೈಗೆ ಸಿಗುವ ಮೊದಲೇ ಹೋದವರು. ಇವತ್ತು ಸಮಯಕ್ಕೆ ಸರಿಯಾಗಿ ಔಷಧಿ ಶುರು ಮಾಡಿ ಬಿಡದೆ ನುಂಗುವವರ ಆಯುಸ್ಸು ಉಳಿದವರ ಆಯುಸ್ಸಿನ ಹತ್ತಿರಕ್ಕೇ ಬರುತ್ತದೆ. ಆಕೆಗೆ ಹೀಗೆ ಹೇಳಿ: 'ಅಪ್ಪ-ಅವ್ವಗ ಸಿಗದ್ದು ನಿನಗ ಸಿಕ್ಕೈತಿ. ಅವರ ವಯಸ್ಸು ಹಿಡಕೊಂಡು ನಿನ್ನ ವಯಸ್ಸು ಎಣಿಸಬ್ಯಾಡ.'

ಆದರೆ 'ಬಿಡದೆ' ಎಂಬ ಒಂದು ಶಬ್ದದ ಮೇಲೆ ಇದೆಲ್ಲ ನಿಂತಿದೆ. ಎರಡು ವರ್ಷದ ಹಿಂದೆ ಏನಾಯಿತು ಎಂಬುದು ಅರ್ಥವಾಗಲು ನಿಮ್ಮ ಕಡೆಯ ಜೋಳದ ಹೊಲವನ್ನೇ ನೆನೆಸಿಕೊಳ್ಳಿ. ತೆನೆ ಹಾಲುಗಾಳಿಗೆ ಬಂದಾಗ ಕವಣೆ ಹಿಡಿದು ಹಕ್ಕಿ ಕಾಯುತ್ತೀರಲ್ಲ, ದೇಹದಲ್ಲಿ ಆ ಕೆಲಸ ಸಿಡಿ4 ಎಂಬ ಬಿಳಿ ರಕ್ತಕಣಗಳದು. ಎಚ್‌ಐವಿಯ ವಿಚಿತ್ರ ಏನೆಂದರೆ, ಅದು ತೆನೆಗೆ ಬಾಯಿ ಹಾಕುವ ಮೊದಲು ಕಾಯುವವರನ್ನೇ ತಿನ್ನುತ್ತದೆ. ಒಂದು ಮೈಕ್ರೋಲೀಟರ್ ರಕ್ತದಲ್ಲಿ 500ಕ್ಕಿಂತ ಹೆಚ್ಚು ಇರಬೇಕಾದ ಸಿಡಿ4 ಕಣಗಳು 200ಕ್ಕಿಂತ ಕೆಳಗಿಳಿದರೆ ಹೊಲಕ್ಕೆ ಕಾವಲೇ ಇಲ್ಲದಂತೆ. ಆಗ ಟಿಬಿಯಂಥ ರೋಗಗಳು ಒಳಗೆ ನುಗ್ಗುತ್ತವೆ. ಗುಳಗಿ ವೈರಸ್ಸನ್ನು ಪೂರ್ತಿ ಕೊಲ್ಲುವುದಿಲ್ಲ. ಅದು ಹೆಚ್ಚದಂತೆ ತಡೆಯುತ್ತದೆ, ಅಷ್ಟೇ. ಹಕ್ಕಿ ಬದುವಿನ ಜಾಲಿಗಿಡದಲ್ಲಿ ಕೂತೇ ಇರುತ್ತದೆ. ಕವಣೆ ನಿಂತ ಕೆಲವೇ ವಾರಗಳಲ್ಲಿ ಮತ್ತೆ ತೆನೆಯ ಮೇಲೆ ಇಳಿಯುತ್ತದೆ.

ಯಾಕೆ ಬಿಟ್ಟಳು ಎಂದು ಆಕೆಯನ್ನು ಬೈದಿದ್ದೀರೋ ಏನೋ. ಬೈಯಬೇಡಿ. ಹುಟ್ಟಿನಿಂದ ಸೋಂಕಿರುವ ಮಕ್ಕಳು ಹದಿಹರೆಯ ದಾಟುವಾಗ ಗುಳಗಿ ಬಿಡುವುದು ಜಗತ್ತಿನ ಎಲ್ಲ ಕಡೆ ವೈದ್ಯರು ಕಂಡ ಸಂಗತಿ. ಸಣ್ಣವರಿದ್ದಾಗ 'ಶಕ್ತಿ ಗುಳಗಿ' ಎಂದು ಹೇಳಿ ನುಂಗಿಸಿರುತ್ತೇವೆ. ಒಂದು ದಿನ ಅದರ ನಿಜ ಹೆಸರು ತಿಳಿಯುತ್ತದೆ. ತಾನು ಮಾಡದ ತಪ್ಪಿಗೆ ತಾನೇ ಬಚ್ಚಿಟ್ಟುಕೊಂಡು ಬದುಕಬೇಕು ಎಂಬ ಸಿಟ್ಟು ಗುಳಗಿಯ ಡಬ್ಬಿಯ ಮೇಲೆ ತಿರುಗುತ್ತದೆ. ಗೆಳತಿಯ ಮದುವೆಗೆ ಹೋದಾಗ ಡಬ್ಬಿ ಒಯ್ಯಲು ನಾಚಿಕೆ, ಕೆಲಸದ ಕಡೆ ಯಾರಾದರೂ ನೋಡಿಯಾರು ಎಂಬ ಅಂಜಿಕೆ. ಒಂದು ದಿನ ತಪ್ಪಿದ್ದು ಒಂದು ತಿಂಗಳಾಗುತ್ತದೆ. ನಿಮ್ಮ ನಾದಿನಿ ಅಲ್ಲಿಂದ ತಿರುಗಿ ಬಂದಿದ್ದಾಳೆ. ಟಿಬಿ ಗುಳಗಿಯ ಕೋರ್ಸ್ ಪೂರ್ತಿ ಮುಗಿಸಿದ್ದಾಳೋ ಇಲ್ಲವೋ ಕೇಳಿ ಖಾತ್ರಿ ಮಾಡಿಕೊಳ್ಳಿ.

ಈಗ ಮದುವೆಯ ಮಾತು. ಇದಕ್ಕೆ ಉತ್ತರ ಜಾತಕದಲ್ಲಿ ಇಲ್ಲ, ರಕ್ತದ ಒಂದು ರಿಪೋರ್ಟಿನಲ್ಲಿದೆ. ಮುಂದಿನ ಸಲ ಜಿಲ್ಲಾ ಆಸ್ಪತ್ರೆಯಲ್ಲಿ ಈ ಗುಳಗಿ ಕೊಡುವ ಎಆರ್‌ಟಿ ಕೇಂದ್ರಕ್ಕೆ ಹೋದಾಗ 'ನನ್ನ ವೈರಲ್ ಲೋಡ್ ಎಷ್ಟು?' ಎಂದು ಆಕೆ ಕೇಳಲಿ. ಸಿಡಿ4 ಎಂದರೆ ಕಾಯುವವರ ಎಣಿಕೆ, ವೈರಲ್ ಲೋಡ್ ಎಂದರೆ ಹಕ್ಕಿಗಳ ಎಣಿಕೆ. ಪರೀಕ್ಷೆ ಪುಕ್ಕಟೆ. ನಡುವೆ ಗುಳಗಿ ಬಿಟ್ಟವರಲ್ಲಿ ವೈರಸ್ ಹಳೆಯ ಔಷಧಿಗೆ ಒಗ್ಗಿಹೋಗಿರುವ ಸಾಧ್ಯತೆ ಇರುವುದರಿಂದ ಆಕೆಗೆ ಇದು ಇನ್ನೂ ಮುಖ್ಯ. ಸಮಾಧಾನದ ಸಂಗತಿ ಎಂದರೆ, 2020ರ ನಂತರ ನಮ್ಮಲ್ಲಿ ಹೆಚ್ಚಿನವರಿಗೆ ಕೊಡುತ್ತಿರುವ ದಿನಕ್ಕೊಂದೇ ಗುಳಗಿಯಲ್ಲಿರುವ ಡೋಲುಟೆಗ್ರಾವಿರ್ ಎಂಬ ಔಷಧಿಗೆ ವೈರಸ್ ಅಷ್ಟು ಸುಲಭವಾಗಿ ಒಗ್ಗುವುದಿಲ್ಲ.

ವೈರಸ್ ಎಣಿಕೆಗೇ ಸಿಗದಷ್ಟು ಕಡಿಮೆಯಾಗಿ ಹಾಗೆಯೇ ಉಳಿದರೆ, ದಾಂಪತ್ಯದ ಕೂಡುವಿಕೆಯಿಂದ ಅದು ಗಂಡನಿಗೆ ಅಂಟುವುದಿಲ್ಲ. ಇದು ಬರೀ ಧೈರ್ಯ ಹೇಳುವ ಮಾತಲ್ಲ. ಒಬ್ಬರಿಗೆ ಸೋಂಕಿದ್ದು ಇನ್ನೊಬ್ಬರಿಗೆ ಇಲ್ಲದ 1,763 ಜೋಡಿಗಳನ್ನು ಒಂಬತ್ತು ದೇಶಗಳಲ್ಲಿ ಗಮನಿಸಿದ ಒಂದು ದೊಡ್ಡ ಅಧ್ಯಯನದಲ್ಲಿ ನಮ್ಮ ಚೆನ್ನೈ, ಪುಣೆಯ ಜೋಡಿಗಳೂ ಇದ್ದವು. ಬೇಗ ಔಷಧಿ ಶುರು ಮಾಡಿದರೆ ಸಂಗಾತಿಗೆ ಹರಡುವುದು ಶೇ 96ರಷ್ಟು ತಗ್ಗುತ್ತದೆ ಎಂದು ಅದು 2011ರಲ್ಲಿ ತೋರಿಸಿತು. 2016ರಲ್ಲಿ ಯುರೋಪಿನ ಇನ್ನೊಂದು ಅಧ್ಯಯನ ಹೊರಬಂತು. ಅದರಲ್ಲಿದ್ದ, ವೈರಸ್ ಹತೋಟಿಯಲ್ಲಿದ್ದ ಜೋಡಿಗಳು ಕಾಂಡೋಮ್ ಇಲ್ಲದೆ ಸುಮಾರು 58,000 ಸಲ ಕೂಡಿದ್ದರು. ಸಂಗಾತಿಯಿಂದ ಸೋಂಕು ತಗುಲಿದ ಪ್ರಕರಣ ಒಂದೂ ಇರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ ಈಗ ಇದನ್ನೇ ಹೇಳುತ್ತದೆ. ನಿಯಮ ಇಷ್ಟು: ವೈರಲ್ ಲೋಡ್ ಹತೋಟಿಗೆ ಬಂದು ಆರು ತಿಂಗಳು ನಿಲ್ಲುವವರೆಗೆ ಕಾಂಡೋಮ್, ಆಮೇಲೆ ವೈದ್ಯರು ಹೇಳಿದಂತೆ, ಗುಳಗಿ ಮಾತ್ರ ದಿನಾಲೂ, ಒಂದೇ ಹೊತ್ತಿಗೆ. ಸೋಂಕಿದ್ದವಳು ಸೋಂಕಿದ್ದವನನ್ನೇ ಕಟ್ಟಿಕೊಳ್ಳಬೇಕು ಎಂಬ ಕಟ್ಟಳೆ ವೈದ್ಯಶಾಸ್ತ್ರದಲ್ಲಿ ಇಲ್ಲ.

ಕಾನೂನಿನಲ್ಲೂ ಇಲ್ಲ. ಸೋಂಕಿತರ ಮದುವೆಯ ಹಕ್ಕು ಅಮಾನತಿನಲ್ಲಿರುತ್ತದೆ ಎಂದು 1998ರಲ್ಲಿ ಸುಪ್ರೀಂ ಕೋರ್ಟ್ ಒಂದು ಪ್ರಕರಣದಲ್ಲಿ ಹೇಳಿತ್ತು ನಿಜ. 2002ರಲ್ಲಿ ಅದೇ ಕೋರ್ಟ್ ಆ ಮಾತನ್ನು ಬದಿಗೆ ಸರಿಸಿತು. ಮೊದಲ ಸೋಂಕನ್ನು ಪತ್ತೆ ಹಚ್ಚಿದರು ಎಂದೆನಲ್ಲ, ಆ ಸುನೀತಿ ಸಾಲೊಮನ್ ಮುಂದೆ ಚೆನ್ನೈನ ತಮ್ಮ ಸಂಸ್ಥೆಯಲ್ಲಿ ರೋಗಿಗಳಿಗೆ ಗಂಡು-ಹೆಣ್ಣು ಕೂಡಿಸುವ ಕೆಲಸವನ್ನೂ ಮಾಡಿದರು. ಔಷಧಿಯಿಂದ ಜೀವ ಉಳಿದ ಹುಡುಗ-ಹುಡುಗಿಯರು ಅವರ ಮುಂದೆ ಕೂತು ಕೇಳುತ್ತಿದ್ದುದು ನಿಮ್ಮ ನಾದಿನಿ ನಿಮ್ಮನ್ನು ಕೇಳಿದ್ದನ್ನೇ. 2015ರಲ್ಲಿ ತೀರಿಕೊಂಡ ಅವರಿಗೆ 2017ರಲ್ಲಿ ಮರಣೋತ್ತರವಾಗಿ ಪದ್ಮಶ್ರೀ ಬಂತು.

ಮಕ್ಕಳ ಪ್ರಶ್ನೆ. ಏನೂ ಚಿಕಿತ್ಸೆ ಇಲ್ಲದಿದ್ದರೆ ತಾಯಿಯಿಂದ ಕೂಸಿಗೆ ಸೋಂಕು ಹೋಗುವ ಸಂಭವ ಶೇ 15ರಿಂದ 45. ಚಿಕಿತ್ಸೆ ಸರಿಯಾಗಿದ್ದರೆ ಅದು ಶೇ 5ಕ್ಕಿಂತ ಕೆಳಗಿಳಿಯುತ್ತದೆ; ಬಸುರಾಗುವ ಮೊದಲೇ ವೈರಸ್ ಹತೋಟಿಯಲ್ಲಿದ್ದರೆ ಇನ್ನೂ ಕಡಿಮೆ. ಆದ್ದರಿಂದ ಮೊದಲು ವೈರಲ್ ಲೋಡ್ ಇಳಿಯಲಿ, ಆಮೇಲೆ ಬಸಿರು. ಹೆರಿಗೆ ಆಸ್ಪತ್ರೆಯಲ್ಲೇ ಆಗಲಿ. ಹುಟ್ಟಿದ ಕೂಸಿಗೆ ಕೆಲವು ವಾರ ಔಷಧಿ ಕುಡಿಸುತ್ತಾರೆ, ಆರನೇ ವಾರದಲ್ಲಿ ಮೊದಲ ಪರೀಕ್ಷೆ, ಕೊನೆಯ ಖಾತ್ರಿ 18 ತಿಂಗಳಿಗೆ. ಗುಳಗಿ ಬಿಡದೆ ಆಕೆ ಮೊಲೆ ಕುಡಿಸಬಹುದು. ಮೊದಲ ಆರು ತಿಂಗಳು ಬರೀ ಎದೆಹಾಲು. ಜೇನು, ಘುಟ್ಟಿ, ಆಕಳ ಹಾಲು ಒಂದೂ ಬೇಡ. ಅದನ್ನು ನೋಡಿಕೊಳ್ಳುವ ಹೊಣೆ ನಿಮ್ಮಂಥ ಹಿರಿಯರದು. ಬಸಿರಿನಲ್ಲಿ ಕೊಡುವ ಕಬ್ಬಿಣ, ಸುಣ್ಣದಂಶದ ಗುಳಗಿಗಳು ಡೋಲುಟೆಗ್ರಾವಿರ್ ಮೈಗೆ ಹತ್ತದಂತೆ ಅಡ್ಡ ಬರುತ್ತವೆ. ಯಾವುದನ್ನು ಯಾವ ಹೊತ್ತಿಗೆ ನುಂಗಬೇಕೆಂದು ಎಆರ್‌ಟಿ ಕೇಂದ್ರದಲ್ಲಿ ಕೇಳಿಕೊಳ್ಳಿ.

ಇನ್ನು ಆ ಕಷ್ಟದ ಪ್ರಶ್ನೆ. ಹುಡುಗನ ಮನೆಗೆ ನೀವು ಹೋಗಿ ಹೇಳಬೇಡಿ. ನಿಮ್ಮ ಮನಸ್ಸು ಒಳ್ಳೆಯದೇ ಇರಬಹುದು, ಮುಂದೆ ಯಾರೂ 'ಮೋಸ ಮಾಡಿದರು' ಅನ್ನಬಾರದು ಎಂಬುದು ನಿಮ್ಮ ಅಂಜಿಕೆ. ಆದರೂ ಆ ಮಾತು ನಿಮ್ಮದಲ್ಲ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ ಕಾಯ್ದೆಯ ಪ್ರಕಾರ, ನಂಬಿ ಹೇಳಿದ ಈ ವಿಷಯವನ್ನು ಆ ವ್ಯಕ್ತಿಯ ಒಪ್ಪಿಗೆ ಇಲ್ಲದೆ ಇನ್ನೊಬ್ಬರಿಗೆ ತಿಳಿಸುವುದು ತಪ್ಪು. ಕಾಯ್ದೆಯ ಮಾತು ಬಿಟ್ಟರೂ, ನೀವು ಬೀಗರ ಪಡಸಾಲೆಯಲ್ಲಿ ಕೂತು ಆಡಿದ ಮಾತು ಸಂಜೆಯೊಳಗೆ ಇಂಡಿಯ ಸಂತೆ ತಲುಪುತ್ತದೆ. ಹುಡುಗ 'ಬೇಡ' ಅಂದರೂ ಆ ಮಾತು ಹಿಂದಕ್ಕೆ ಬರುವುದಿಲ್ಲ. ಆಕೆ ದಿನಾ ಕೆಲಸಕ್ಕೆ ಹೋಗಬೇಕಾದ ಊರು ಅದು.

ಹಾಗೆಂದು ಮುಚ್ಚಿಟ್ಟು ಮದುವೆ ಮಾಡಿ ಎಂದು ನಾನು ಹೇಳುತ್ತಿಲ್ಲ. ದೊಡ್ಡ ಸಂಗತಿ ಮರೆಮಾಚಿ ಆದ ಮದುವೆಯನ್ನು ರದ್ದು ಮಾಡಿಸಲು ಹಿಂದೂ ವಿವಾಹ ಕಾಯ್ದೆಯಲ್ಲಿ ಅವಕಾಶವಿದೆ. ಅದಕ್ಕಿಂತ ಹೆಚ್ಚಾಗಿ, ಗಂಡನಿಂದ ಬಚ್ಚಿಟ್ಟು ನುಂಗುವ ಗುಳಗಿ ಒಂದಲ್ಲ ಒಂದು ದಿನ ತಪ್ಪುತ್ತದೆ. ಬಚ್ಚಿಡಲು ಹೋಗಿಯೇ ಆಕೆ ಒಮ್ಮೆ ಹಾಸಿಗೆ ಹಿಡಿದದ್ದು. ಆದ್ದರಿಂದ ಹೇಳಬೇಕು: ಆಕೆಯೇ ಹೇಳಬೇಕು, ಆ ಹುಡುಗನೊಬ್ಬನಿಗೇ ಹೇಳಬೇಕು, ಸಕ್ಕರೆ ಹಂಚುವ ಮೊದಲೇ ಹೇಳಬೇಕು. ಮನೆಯವರಿಗೆ ಹೇಳುವುದು, ಬಿಡುವುದು ಆಮೇಲೆ ಅವರಿಬ್ಬರೂ ಕೂಡಿ ಮಾಡುವ ತೀರ್ಮಾನ. ಒಬ್ಬಳಿಗೇ ಬಾಯಿ ಬರದಿದ್ದರೆ ಎಆರ್‌ಟಿ ಕೇಂದ್ರದ ಆಪ್ತಸಮಾಲೋಚಕರ ಮುಂದೆ ಇಬ್ಬರನ್ನೂ ಕೂಡಿಸಿ ಮಾತಾಡಿಸುವ ವ್ಯವಸ್ಥೆ ಇದೆ. ಅಲ್ಲಿ ಹುಡುಗ ತನ್ನ ಅನುಮಾನಗಳನ್ನೆಲ್ಲ ಕೇಳಬಹುದು, ತನ್ನ ರಕ್ತವನ್ನೂ ಪರೀಕ್ಷೆ ಮಾಡಿಸಬಹುದು. ಗೊತ್ತಾದರೆ ಹೊಡೆದಾನು, ಊರಿಗೆ ಸಾರಿಯಾನು ಎಂಬ ಅನುಮಾನ ಇದ್ದರೆ ಮೊದಲು ಆಕೆ ಒಬ್ಬಳೇ ಹೋಗಿ ಸಮಾಲೋಚಕರ ಹತ್ತಿರ ಮಾತಾಡಲಿ. ಹೆಸರು ಹೇಳದೆಯೂ ಕೇಳಬಹುದಾದ ಪುಕ್ಕಟೆ ಸಹಾಯವಾಣಿ 1097.

ಆ ಹುಡುಗ ಒಪ್ಪುತ್ತಾನೆ ಎಂದು ನಾನು ಭರವಸೆ ಕೊಡಲಾರೆ. ಒಪ್ಪದೆಯೂ ಹೋಗಬಹುದು. ಕನ್ಯಾ ನೋಡಲು ಬಂದವರು ಬಣ್ಣ, ಬಂಗಾರ, ಹೊಲದ ಎಕರೆ ಎಂದು ನೂರು ನೆಪ ಹೇಳಿ ಎದ್ದು ಹೋಗುವ ಸೀಮೆ ನಮ್ಮದು. ಇದೂ ಒಂದು ಕಾರಣವಾದೀತು. ಆಗ ಆಕೆ ಅಳುತ್ತಾಳೆ. ಆದರೆ ಆ ರಾತ್ರಿಯೂ ಗುಳಗಿ ನುಂಗಬೇಕು. ನಿಮ್ಮ ಕೆಲಸ ಇರುವುದು ಅಲ್ಲಿ, ಬೀಗರ ಪಡಸಾಲೆಯಲ್ಲಲ್ಲ.

ಉಳಿದದ್ದು ತಾಟಿನ ಪ್ರಶ್ನೆ. ಎಚ್‌ಐವಿ ಎಂಜಲಿನಿಂದ ಹರಡುವುದಿಲ್ಲ. ಒಂದೇ ಚರಗಿಯ ನೀರಿನಿಂದ, ಬಟ್ಟೆಯಿಂದ, ಸೊಳ್ಳೆಯಿಂದ, ಮಕ್ಕಳನ್ನು ಎತ್ತಿ ಮುದ್ದಿಸುವುದರಿಂದಲೂ ಹರಡುವುದಿಲ್ಲ. ತಾಟು ಬೇರೆ ಇಟ್ಟದ್ದರಿಂದ ನಿಮ್ಮ ಮಕ್ಕಳಿಗೆ ಯಾವ ರಕ್ಷಣೆಯೂ ಸಿಕ್ಕಿಲ್ಲ. ಆದರೆ ಆಕೆ ದಿನಕ್ಕೆ ಎರಡು ಹೊತ್ತು, ಉಣ್ಣಲು ಕೂತಾಗಲೆಲ್ಲ, ತಾನು ಬೇರೆ ಎಂಬುದನ್ನು ಓದಿಕೊಳ್ಳುತ್ತಿದ್ದಾಳೆ. ಸೋಂಕಿಲ್ಲದ ಹುಡುಗನೊಬ್ಬ ತನ್ನ ಜೊತೆ ಬಾಳುವೆ ಮಾಡಿಯಾನು ಎಂದು ಆಕೆ ನಂಬಬೇಕಾದರೆ, ಸೋಂಕಿಲ್ಲದ ವೈನಿ ತನ್ನ ಜೊತೆ ಒಂದೇ ತಾಟಿನಲ್ಲಿ ರೊಟ್ಟಿ ಮುರಿದದ್ದನ್ನು ಮೊದಲು ಕಾಣಬೇಕು. ಇವತ್ತು ರಾತ್ರಿ ಆಕೆಯ ತಾಟನ್ನು ಎಲ್ಲರ ತಾಟಿನ ಸಾಲಿಗೆ ಸೇರಿಸಿ. ಯಾಕೆ ಅಂತ ಕೇಳಿದರೆ, ಪತ್ರ ಬರೆದು ಕೇಳಿ ತಿಳಕೊಂಡೆ ಅಂತ ಹೇಳಿ.